ಯಾರ್ಡಿಗೆ 45 ಡಾಲರ್, ಲಾರಿ ಬಾಡಿಗೆ ಬೇರೆ

ಹುಬ್ಬಳ್ಳಿ ಕಡೆ ಮನೆ ಕಟ್ಟಿಸಿದವರಿಗೆ ಮರಳು, ಜಲ್ಲಿಯ ಲೆಕ್ಕವೆಲ್ಲ ಬ್ರಾಸಿನಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಅಮೆರಿಕದ ಅರಿಝೋನಾದಲ್ಲಿ ಮಣ್ಣಿನ ವ್ಯಾಪಾರ ನಡೆಯುವುದು ಯಾರ್ಡಿನಲ್ಲಿ: ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ, ಒಟ್ಟು 27 ಘನ ಅಡಿ. ಫೀನಿಕ್ಸ್ ಪಕ್ಕದ ಚಾಂಡ್ಲರಿನಲ್ಲಿ ನೆಲೆಸಿರುವ ಈ ಅಂಕಣಕಾರ್ತಿ ಹಿತ್ತಲಲ್ಲಿ ತರಕಾರಿ ಬೆಳೆಯಲು ಮಣ್ಣು ಹುಡುಕಿ ಹೊರಟಾಗ ಸಿಕ್ಕ ದರ ಯಾರ್ಡಿಗೆ 45 ಡಾಲರ್. ಮನೆಗೆ ತಂದು ಸುರಿಯಲು 90 ಡಾಲರ್ ಬೇರೆ. ಅಂಗಡಿಯಲ್ಲಿ ಒಂದು ಘನ ಅಡಿಯ ಚೀಲಕ್ಕೆ ಸುಮಾರು 5 ಡಾಲರ್.

ಚೀಲದ ಮಣ್ಣಿನಲ್ಲೇ ಒಂದು ಯಾರ್ಡ್ ತುಂಬಿಸಿದರೆ 135 ಡಾಲರ್ ಆಗುತ್ತದೆ. ಲಾರಿಯಲ್ಲಿ ತರಿಸಿದರೂ 45ಕ್ಕೆ 90 ಸೇರಿ ಅಷ್ಟೇ! ಅಂದರೆ ಈ ದರದಲ್ಲಿ ಒಂದು ಯಾರ್ಡಿನ ಒಳಗೆ ಬೇಕಾದವರು ಚೀಲ ಹೊತ್ತು ತರುವುದೇ ಲೇಸು. ಅದರ ಮೇಲೆ ಹೋದಂತೆಲ್ಲ ಯಾರ್ಡಿಗೆ 90 ಡಾಲರ್ ಉಳಿಯುತ್ತದೆ. ನಾಲ್ಕಡಿ ಅಗಲ, ಎಂಟಡಿ ಉದ್ದ, ಒಂದಡಿ ಆಳದ ಎರಡು ಮಡಿಗಳಿಗೆ 64 ಘನ ಅಡಿ, ಹತ್ತಿರ ಹತ್ತಿರ ಎರಡೂವರೆ ಯಾರ್ಡ್ ಬೇಕಿತ್ತು. ಚೀಲವಾದರೆ 320 ಡಾಲರ್, ಲಾರಿಯಾದರೆ 203. ಈಕೆ ಲಾರಿ ಹೇಳುತ್ತಿರುವುದು ಕಿವಿಗೆ ಬಿದ್ದದ್ದೇ ತಡ, ಎದುರು ಮನೆಯ ದಾವಣಗೆರೆಯ ಹುಡುಗಿ, “ಅಕ್ಕಾ, ಹೆಂಗೂ ಗಾಡಿ ಬರುತ್ತಲ್ಲ, ನಮಗೂ ಎರಡು ಯಾರ್ಡ್ ಹೇಳಿಬಿಡಿ” ಅಂದಳು. ಬಾಡಿಗೆ ಅರ್ಧಕ್ಕೆ ಇಳಿಯಿತು. ಸ್ವಂತ ಪಿಕಪ್ ಇದ್ದವರು ಬಾಡಿಗೆ ಪೂರ್ತಿ ಉಳಿಸಬಹುದು ಅಂದುಕೊಳ್ಳುತ್ತಾರೆ. ಒದ್ದೆ ಮಣ್ಣು ಯಾರ್ಡಿಗೆ ಒಂದು ಟನ್ ದಾಟುತ್ತದೆ. ಮನೆಬಳಕೆಯ ಎಷ್ಟೋ ಪಿಕಪ್‌ಗಳು ಅಷ್ಟು ಭಾರಕ್ಕೆ ಮಾಡಿದವಲ್ಲ.

ಅಲ್ಲಿನ ನೆಲದಲ್ಲಿ ಮಣ್ಣೇ ಇಲ್ಲವೇ ಎಂದರೆ, ಇದೆ. ಫೀನಿಕ್ಸಿನಲ್ಲಿ ವರ್ಷಕ್ಕೆ 200 ಮಿಲಿಮೀಟರೂ ಮಳೆ ಬೀಳದು, ಸೊನೋರನ್ ಮರುಭೂಮಿಯ ಮಣ್ಣದು. ಕ್ಷಾರ ಹೆಚ್ಚು, ಪಿಎಚ್ 8ರ ಮೇಲೆ. ಸಾವಯವ ಅಂಶ ಬಹುತೇಕ ಕಡೆ ಶೇ. 1ಕ್ಕಿಂತ ಕಡಿಮೆ. ಎಷ್ಟೋ ಕಡೆ ಅಡಿಯೊಳಗೇ ಸುಣ್ಣ ಗಟ್ಟಿಕಟ್ಟಿದ ಪದರ ಸಿಗುತ್ತದೆ. ಕಲೀಚಿ ಎಂದು ಅದರ ಹೆಸರು, ಹಾರೆ ಹಾಕಿದರೆ ಕಿಡಿ ಹಾರುವಷ್ಟು ಗಟ್ಟಿ. ಈಜುಕೊಳ ತೋಡಿಸುವವರು “ಮಣ್ಣು ಪುಕ್ಕಟೆ, ಒಯ್ಯಿರಿ” ಎಂದು ಜಾಹೀರಾತು ಹಾಕುವುದು ಸಾಮಾನ್ಯ. ಆ ಪುಕ್ಕಟೆ ರಾಶಿಯಲ್ಲಿ ಅರ್ಧಕ್ಕರ್ಧ ಈ ಕಲೀಚಿಯ ಹೆಂಟೆಗಳೇ ಇರಬಹುದು. ಹಳ್ಳ ತುಂಬಲು ಅಡ್ಡಿಯಿಲ್ಲ, ಬದನೆ ಹಚ್ಚಲು ಅಲ್ಲ.

ದುಡ್ಡು ಕೊಟ್ಟು ಕೊಳ್ಳುವ ಮಣ್ಣಿನಲ್ಲೂ ಹೆಸರು ನೋಡಿ ನಂಬುವಂತಿಲ್ಲ. ಟಾಪ್‌ಸಾಯಿಲ್ ಎಂದು ಬರೆದ ರಾಶಿ ಜರಡಿ ಹಿಡಿದ ಮರುಭೂಮಿ ಮಣ್ಣೇ ಆಗಿರಬಹುದು. ಗಾರ್ಡನ್ ಮಿಕ್ಸ್ ಎಂದರೆ ಅದಕ್ಕೆ ಕಾಂಪೋಸ್ಟ್ ಬೆರೆಸಿರುತ್ತಾರೆ, ಎಷ್ಟು ಪಾಲು ಎಂಬುದನ್ನು ಕೇಳಿಯೇ ತಿಳಿಯಬೇಕು. ಕೇಳಬೇಕಾದ ಇನ್ನೊಂದು ಪ್ರಶ್ನೆ ಉಪ್ಪಿನದು. ಸಗಣಿ ಗೊಬ್ಬರ ಹೆಚ್ಚಿದ್ದಷ್ಟೂ ಉಪ್ಪು ಹೆಚ್ಚು. ಕೊಲೊರಾಡೊ ನದಿಯಿಂದ ಕಾಲುವೆಯಲ್ಲಿ ಬರುವ ನೀರೂ ಉಪ್ಪು ಹೊತ್ತೇ ಬರುತ್ತದೆ, ಮಳೆ ಬಂದು ತೊಳೆದುಹೋಗುವ ಮಾತಿಲ್ಲ. ಕಾಂಪೋಸ್ಟ್ ಮಾರುವವರ ಬಳಿ ಪ್ರಯೋಗಾಲಯದ ವರದಿ ಇದ್ದರೆ ಅದರಲ್ಲಿ ಲವಣಾಂಶದ ಸಾಲನ್ನು ಮೊದಲು ನೋಡಬೇಕು.

ವರದಿಗಿಂತ ಅಗ್ಗದ ಪರೀಕ್ಷೆಯೊಂದಿದೆ. ಒಂದು ಡಬ್ಬಿ ಮಣ್ಣು ಮೊದಲೇ ತಂದು, ಕುಂಡದಲ್ಲಿ ನಾಲ್ಕು ಹುರುಳಿಕಾಯಿ ಬೀಜ ಹಾಕುವುದು. ಹುಲ್ಲುಗಾವಲಿಗೆ ಹೊಡೆದ ಕೆಲವು ಕಳೆನಾಶಕಗಳು ದನದ ಹೊಟ್ಟೆಯನ್ನೂ ಗೊಬ್ಬರದ ಗುಂಡಿಯನ್ನೂ ದಾಟಿ ಉಳಿದುಬಿಡುತ್ತವೆ. ಹಾಗಿದ್ದರೆ ಹುರುಳಿಕಾಯಿ ಗಿಡದ ಹೊಸ ಎಲೆ ಮುರುಟಿಕೊಂಡು ಹೇಳಿಬಿಡುತ್ತದೆ. ಮೂರು ವಾರ ಕಾಯಬೇಕು, ಅಷ್ಟೇ. ಸುರಿದ ಮೇಲೆ ಮಣ್ಣನ್ನು ವಾಪಸು ಒಯ್ಯುವ ವ್ಯಾಪಾರಿ ಅಪರೂಪ.

ಲಾನಿನ ವಿಷಯಕ್ಕೆ ಬಂದರೆ ಈ ಅಂಕಣಕಾರ್ತಿಯ ಕೈ ಬಿಗಿಯಾಗುತ್ತದೆ. ಹುಲ್ಲು ಸೊರಗಿದ ಹಿತ್ತಲನ್ನು ನೋಡಿದ ತೋಟಗಾರಿಕೆ ಗುತ್ತಿಗೆದಾರನೊಬ್ಬ 600 ಚದರ ಅಡಿಗೂ ನಾಲ್ಕು ಅಂಗುಲ ಹೊಸ ಮಣ್ಣು ಹರಡೋಣ ಎಂದ. ಅದಕ್ಕೆ ಏಳೂವರೆ ಯಾರ್ಡ್ ಬೇಕು. ಕೂಲಿ ಬಿಟ್ಟು 400 ಡಾಲರ್ ದಾಟುತ್ತದೆ. ಗಟ್ಟಿ ನೆಲದ ಮೇಲೆ ಬೇರೆ ಜಾತಿಯ ಮಣ್ಣು ಪದರವಾಗಿ ಕೂತರೆ ನೀರು ಎರಡರ ನಡುವೆಯೇ ನಿಲ್ಲುತ್ತದೆ, ಬೇರು ಕೆಳಗಿಳಿಯುವುದಿಲ್ಲ. ಇನ್ನೊಂದು ಖರ್ಚು ಗೋಡೆಯ ಬುಡದಲ್ಲಿ ಕಾದಿರುತ್ತದೆ. ಫೀನಿಕ್ಸಿನ ಮನೆಗಳ ಹೊರಗಾರೆ ಮುಗಿಯುವ ಕಡೆ ತೇವ ಸೋರಿಹೋಗಲೆಂದು ಲೋಹದ ಅಂಚು ಕೂರಿಸಿರುತ್ತಾರೆ. ಮಣ್ಣು ಅದಕ್ಕಿಂತ 4 ಅಂಗುಲ ಕೆಳಗಿರಬೇಕೆಂಬುದು ಕಟ್ಟಡ ನಿಯಮ. ಮಣ್ಣು ಏರಿಸಿ ಅಂಚನ್ನು ಮುಚ್ಚಿದರೆ ಗೆದ್ದಲಿಗೆ ಯಾರ ಕಣ್ಣಿಗೂ ಬೀಳದ ದಾರಿ ಮಾಡಿಕೊಟ್ಟಂತೆ.

ಹುಲ್ಲು ಹಸಿರಾಗಬೇಕಾದರೆ ಕಾಲು ಅಂಗುಲ ಕಾಂಪೋಸ್ಟ್ ಉದುರಿಸಿದರೆ ಸಾಕಾಗುತ್ತದೆ. ಅದೇ 600 ಚದರ ಅಡಿಗೆ ಹದಿಮೂರು ಚೀಲ, 65 ಡಾಲರ್. ಅಕ್ಟೋಬರಿನಲ್ಲಿ ಬರ್ಮುಡಾ ಹುಲ್ಲಿನ ಮೇಲೆ ಚಳಿಗಾಲದ ರೈ ಹುಲ್ಲಿನ ಬೀಜ ಎರಚಿ, ಮೇಲೆ ಸಗಣಿ ಗೊಬ್ಬರ ಹರಡುವ ಪದ್ಧತಿ ಊರಿನಲ್ಲೆಲ್ಲ ಇದೆ. ಆ ವಾರಗಳಲ್ಲಿ ಬಡಾವಣೆ ಪೂರ್ತಿ ಕೊಟ್ಟಿಗೆಯ ವಾಸನೆ. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರೆ ಹುಬ್ಬಳ್ಳಿಯವಳಾದ ಈ ಅಂಕಣಕಾರ್ತಿಗೆ ಊರು ನೆನಪಾಗುತ್ತದೆ.

ಮಣ್ಣಿನ ಖರ್ಚು ಒಮ್ಮೆ, ನೀರಿನದು ಪ್ರತಿ ತಿಂಗಳು. ಪಕ್ಕದ ನೆವಾಡಾದಲ್ಲಿ ಸದರ್ನ್ ನೆವಾಡಾ ವಾಟರ್ ಅಥಾರಿಟಿಯ ಲೆಕ್ಕದಂತೆ ಒಂದು ಚದರ ಅಡಿ ಹುಲ್ಲು ತೆಗೆದರೆ ವರ್ಷಕ್ಕೆ 55 ಗ್ಯಾಲನ್ ನೀರು ಉಳಿಯುತ್ತದೆ. 600 ಚದರ ಅಡಿಗೆ 33,000 ಗ್ಯಾಲನ್, ಸುಮಾರು ಒಂದೂಕಾಲು ಲಕ್ಷ ಲೀಟರ್. ಲಾಸ್ ವೇಗಸ್ ಸುತ್ತ ಹುಲ್ಲು ಕೀಳಿಸುವವರಿಗೆ ಎದುರು ಹಣ ಕೊಡುತ್ತಾರೆ. ಬರೀ ಅಂದಕ್ಕೆ ಬೆಳೆಸಿದ ಹುಲ್ಲಿಗೆ 2026ರ ಬಳಿಕ ಕೊಲೊರಾಡೊ ನದಿಯ ನೀರು ಹಾಯಿಸಬಾರದೆಂಬ ಕಾನೂನು 2021ರಲ್ಲೇ ಬಂದಿದೆ, ಒಂಟಿ ಮನೆಗಳಿಗೆ ಅದು ಅನ್ವಯಿಸದು. ಫೀನಿಕ್ಸಿಗೆ ಅಂಟಿಕೊಂಡಿರುವ ಸ್ಕಾಟ್ಸ್‌ಡೇಲ್ 2023ರ ಆಗಸ್ಟಿನಿಂದ ಹೊಸ ಮನೆಗಳ ಮುಂಭಾಗದಲ್ಲಿ ಹುಲ್ಲು ಹಾಕುವುದನ್ನೇ ನಿಲ್ಲಿಸಿದೆ.

ಮರಕ್ಕಂತೂ ಮಣ್ಣು ಕೊಳ್ಳುವುದು ದಂಡ. ಮೆಸ್ಕೀಟ್, ಪಾಲೊ ವರ್ಡೆಯಂಥ ಅಲ್ಲಿನವೇ ಮರಗಳು ಗುಂಡಿಯಿಂದ ತೆಗೆದ ಮಣ್ಣಿನಲ್ಲೇ ಚೆನ್ನಾಗಿ ಬರುತ್ತವೆ. ಕುಂಡದ ಕರಿಬೇವು ಹಳದಿಗಟ್ಟಿ ಎಲೆಯ ನರ ಮಾತ್ರ ಹಸಿರಾಗಿ ಉಳಿದಾಗ ಮಣ್ಣು ಬದಲಿಸುವ ಮನಸ್ಸಾಗುತ್ತದೆ. ಸಾಮಾನ್ಯವಾಗಿ ಅದು ಕಬ್ಬಿಣದ ಕೊರತೆ. ಕ್ಷಾರದಲ್ಲೂ ಕರಗಿ ಉಳಿಯುವ ಇಡಿಡಿಎಚ್‌ಎ ರೂಪದ ಕಬ್ಬಿಣದ ಪುಡಿ ಒಂದು ಚಮಚ ಸಾಕಾಯಿತು.

ತರಕಾರಿ ಮಡಿಗಳು ಮಾತ್ರ ಪ್ರತಿ ವರ್ಷ ಕೇಳುತ್ತವೆ. 45 ಡಿಗ್ರಿ ಬಿಸಿಲಿಗೆ ಕಾಂಪೋಸ್ಟ್ ಬೇಗ ಕರಗಿ, ಬೇಸಿಗೆ ಮುಗಿಯುವ ಹೊತ್ತಿಗೆ ಮಣ್ಣಿನ ಮಟ್ಟ ಹಲಗೆಯ ಅಂಚಿನಿಂದ ಎರಡು ಅಂಗುಲ ಇಳಿದಿರುತ್ತದೆ. ಎರಡೂ ಮಡಿ ತುಂಬಲು ಹನ್ನೊಂದು ಚೀಲ ಬೇಕು, 55 ಡಾಲರ್. ಸೆಪ್ಟೆಂಬರಿನಲ್ಲಿ ಮೆಂತ್ಯ, ಕೊತ್ತಂಬರಿ ಬಿತ್ತುವ ಮೊದಲು ಅವನ್ನು ಕಾರಿನ ಡಿಕ್ಕಿಯಲ್ಲೇ ತಂದುಕೊಳ್ಳಬಹುದು.