ಗೋಡೆಯ ಮೇಲೆ ದೂರ ದೂರ: ಮನೆಯಿಂದ ಕೆಲಸವೋ, ಆಫೀಸಿನಿಂದಲೋ?

ಓದುವ ಭಾಗ: ನೆಹೆಮೀಯ 3, 4, 5, 11 ಮತ್ತು 13ನೇ ಅಧ್ಯಾಯಗಳು, ಕೊಲೊಸ್ಸೆಯವರಿಗೆ 3:22-23

ಎಲ್ಲರೂ ಸತ್ಯವೇದದಲ್ಲಿ ನೆಹೆಮೀಯನ ಪುಸ್ತಕ ತೆಗೆದಿಟ್ಟುಕೊಳ್ಳಿ. ಇವತ್ತು ಪ್ರಸಂಗಕ್ಕಿಂತ ಹೆಚ್ಚಾಗಿ ಒಂದು ಪಾಠದ ಹಾಗೆ ಕಲಿಯೋಣ.

ಈಚೆಗೆ ಪ್ರಾರ್ಥನಾ ವಿನಂತಿಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರ್ತಾ ಇದೆ. "ಪಾಸ್ಟರ್, ಕಂಪನಿಯವರು ವಾರಕ್ಕೆ ಐದು ದಿನ ಆಫೀಸಿಗೆ ಬರಲೇಬೇಕು ಅಂತಿದ್ದಾರೆ. ಅತ್ತೆಗೆ ಹುಷಾರಿಲ್ಲ, ಮಗು ಚಿಕ್ಕದು. ಅವರ ಮನಸ್ಸು ಬದಲಾಗುವ ಹಾಗೆ ಪ್ರಾರ್ಥಿಸಿ." ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಚೀಟಿ: "ಟೆಕ್ ಪಾರ್ಕ್ ಮತ್ತೆ ತುಂಬಿದೆ, ನನ್ನ ಕ್ಯಾಬ್‌ಗೆ ಟ್ರಿಪ್ ಸಿಗ್ತಾ ಇದೆ, ದೇವರಿಗೆ ಸ್ತೋತ್ರ." ಈಗ ಹೇಳಿ ದೇವಜನರೇ, ನಾನು ಯಾರ ಪರವಾಗಿ ಪ್ರಾರ್ಥಿಸಲಿ? ಒಬ್ಬರ ಕಣ್ಣೀರು, ಇನ್ನೊಬ್ಬರ ಸಾಕ್ಷಿ. ಇಬ್ಬರೂ ಒಂದೇ ಸಭೆಯವರು, ಒಂದೇ ಕರ್ತನ ಮೇಜಿಗೆ ಬರುವವರು. ಅದಕ್ಕೇ ಈ ವಿಷಯವನ್ನು ವಾಕ್ಯದ ಬೆಳಕಿನಲ್ಲಿ ನೋಡಬೇಕು.

ಮೊದಲು ಸ್ವಲ್ಪ ಹಿನ್ನೆಲೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯ್ತು. ಬೆಂಗಳೂರಿನ ಪಿ.ಜಿ.ಗಳು ಖಾಲಿಯಾದವು, ಲ್ಯಾಪ್‌ಟಾಪ್‌ಗಳು ಊರು ಸೇರಿದವು. ದಾವಣಗೆರೆಯ ಜಗಲಿಯಲ್ಲಿ, ಹಾಸನದ ತೋಟದ ಮನೆಯಲ್ಲಿ ಕೂತು ನಮ್ಮ ಮಕ್ಕಳು ಕೆಲಸ ಮಾಡಿದರು. ಆಮೇಲೆ ನಿಧಾನವಾಗಿ ಕರೆ ಶುರುವಾಯ್ತು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ತನ್ನ ನೌಕರರನ್ನು ವಾರಕ್ಕೆ ಐದು ದಿನ ಕರೆಯಿತು. ಅಮೆಜಾನ್ 2025ರ ಜನವರಿ 2ರಿಂದ ಅದೇ ನಿಯಮ ತಂದಿತು. ಕೆಲವು ಕಂಪನಿಗಳು ವಾರಕ್ಕೆ ಎರಡು ದಿನ, ಮೂರು ದಿನ ಅಂತ ನಿಲ್ಲಿಸಿವೆ. ಚರ್ಚೆ ಮಾತ್ರ ನಿಂತಿಲ್ಲ.

ಈಗ ಯೆರೂಸಲೇಮಿಗೆ ಬನ್ನಿ. ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟಿವೆ. ನೆಹೆಮೀಯನಿಗೆ ದೊಡ್ಡ ಕೆಲಸ ಇದೆ, ಸಮಯ ಇಲ್ಲ, ಶತ್ರುಗಳು ಸುತ್ತ ಇದ್ದಾರೆ. ಅವನು ಜನರನ್ನು ಎಲ್ಲಿ ಕೂರಿಸಿ ಕೆಲಸ ಮಾಡಿಸಿದ?

1. ಕೆಲಸದ ಬೆಲೆ ಸ್ಥಳದಲ್ಲಿ ಇಲ್ಲ

3ನೇ ಅಧ್ಯಾಯ ಓದುವಾಗ ಹೆಸರುಗಳ ಪಟ್ಟಿ ಅಂತ ನಾವು ಬೇಗ ಹಾರಿಬಿಡ್ತೀವಿ. ನಿಧಾನವಾಗಿ ಓದಿ. 10ನೇ ವಚನ, 23ನೇ ವಚನ, 28ನೇ ವಚನ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನು ಕಟ್ಟಿದರು. 12ನೇ ವಚನದಲ್ಲಿ ಶಲ್ಲೂಮನ ಹೆಣ್ಣುಮಕ್ಕಳೂ ಕೆಲಸದಲ್ಲಿದ್ದಾರೆ. ಮನೆಯ ಎದುರಿನ ಗೋಡೆಯಾದರೆ ಯಾರೂ ಸಡಿಲ ಕಟ್ಟಲ್ಲ, ಅಲ್ವಾ? ಶತ್ರು ನುಗ್ಗಿದರೆ ಮೊದಲು ಬರೋದು ತನ್ನ ಮನೆಗೇ. ಹೋಗಿ ಬರುವ ಸಮಯವೂ ಉಳಿಯುತ್ತೆ. 52 ದಿನಗಳಲ್ಲಿ ಗೋಡೆ ಮುಗಿಯಿತು (6:15).

ಮನೆ ಹತ್ತಿರ ಕೆಲಸ ಅಂದರೆ ಸೋಮಾರಿತನ ಅನ್ನುವವರಿಗೆ ಇದು ಉತ್ತರ. ಅಪೊಸ್ತಲರ ಕೃತ್ಯಗಳು 18ರಲ್ಲಿ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಇವರ ಜೊತೆ ಇದ್ದುಕೊಂಡೇ ಗುಡಾರ ಮಾಡುವ ಕಸುಬು ನಡೆಸಿದ. ನಮ್ಮ ನಾಡಿನ ನೇಕಾರರ ಮಗ್ಗ, ಕುಂಬಾರರ ತಿಗರಿ ಮನೆಯಲ್ಲೇ ಇದ್ದವು. ಮನೆ ಬಿಟ್ಟು ಪಂಚ್ ಹೊಡೆದು ಹೋಗುವ ಕೆಲಸವೇ ಮನುಷ್ಯಚರಿತ್ರೆಯಲ್ಲಿ ಹೊಸದು.

ಈ ಕಾಲದ ಪರೀಕ್ಷೆಯೂ ಒಂದಿದೆ. ಚೀನಾದ ಶಾಂಘೈನಲ್ಲಿ ಸಿಟ್ರಿಪ್ ಅನ್ನುವ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ 2010-11ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಒಂಬತ್ತು ತಿಂಗಳು ನೋಡಿದರು. ತಾವಾಗಿ ಮುಂದೆ ಬಂದವರಲ್ಲಿ ಹುಟ್ಟಿದ ತಾರೀಖು ಸಮಸಂಖ್ಯೆ ಇದ್ದವರಿಗೆ ಮನೆಯಿಂದ ಕೆಲಸ, ಬೆಸಸಂಖ್ಯೆಯವರಿಗೆ ಆಫೀಸು. ಮನೆಯಿಂದ ಮಾಡಿದವರ ಕೆಲಸ 13 ಶೇಕಡ ಹೆಚ್ಚಾಯ್ತು. ಬ್ರೇಕ್ ಕಡಿಮೆ, ರಜೆ ಕಡಿಮೆ, ಗಲಾಟೆ ಕಡಿಮೆ.

ಆದರೆ ಪೂರ್ತಿ ಕೇಳಿ. ಪರೀಕ್ಷೆ ಮುಗಿದ ಮೇಲೆ "ಎಲ್ಲಿ ಬೇಕೋ ಆರಿಸಿಕೊಳ್ಳಿ" ಅಂದಾಗ ಅವರಲ್ಲಿ ಎಷ್ಟೋ ಜನ ಆಫೀಸಿಗೇ ವಾಪಸ್ ಬಂದರು. ಮನೆಯಲ್ಲಿ ಒಂಟಿತನ ಕಾಡಿತ್ತು. ಅಷ್ಟೇ ಅಲ್ಲ, ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತ್ತು. ಕಣ್ಣಿಂದ ದೂರ ಆದವರನ್ನು ಮೇಲಿನವರು ಮರೀತಾರೆ. ಇದು ಎರಡನೇ ಅಂಶಕ್ಕೆ ನಮ್ಮನ್ನು ಕರ್ಕೊಂಡು ಹೋಗುತ್ತೆ.

2. ತುತೂರಿ ಊದಿದಾಗ ಕೂಡಿಬರಬೇಕು

ನೆಹೆಮೀಯ 4:19-20. ಅವನು ಜನರಿಗೆ ಹೇಳಿದ್ದರ ಸಾರ ಇಷ್ಟು: ಕೆಲಸ ದೊಡ್ಡದು, ನಾವು ಗೋಡೆಯ ಮೇಲೆ ಒಬ್ಬರಿಂದೊಬ್ಬರು ದೂರ ಇದ್ದೇವೆ, ತುತೂರಿ ಶಬ್ದ ಎಲ್ಲಿ ಕೇಳುತ್ತೋ ಅಲ್ಲಿಗೆ ಎಲ್ಲರೂ ಬನ್ನಿ. ಗಮನಿಸಿ ಪ್ರಿಯರೇ, ದಿನವಿಡೀ ತುತೂರಿ ಊದಲಿಲ್ಲ. ಹಾಗಂತ ತುತೂರಿಯೇ ಬೇಡ ಅಂತಲೂ ಹೇಳಲಿಲ್ಲ. ದೂರ ಇರಲು ಒಂದು ಸಮಯ, ಕೂಡಿಬರಲು ಒಂದು ಕಾರಣ. ಎರಡೂ ಇದ್ದವು.

ಯಾವುದಕ್ಕೆ ಹತ್ತಿರ ಇರಬೇಕು? ಕಲಿಯೋದಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಗುವನ್ನು ಯೋಚಿಸಿ. ಚಿತ್ರದುರ್ಗದ ಹಳ್ಳಿಯಿಂದ ಬಂದು ಎಂಜಿನಿಯರಿಂಗ್ ಮುಗಿಸಿದ್ದಾನೆ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂತು, ಮ್ಯಾನೇಜರ್ ಮುಖ ಪರದೆಯ ಮೇಲೆ ಮಾತ್ರ. ಒಂದು ಡೌಟ್ ಕೇಳಬೇಕಾದರೆ ಮೆಸೇಜ್ ಟೈಪ್ ಮಾಡಿ, ಅಳಿಸಿ, "ಏನಂದ್ಕೋತಾರೋ" ಅಂತ ಸುಮ್ಮನಾಗ್ತಾನೆ. ಪಕ್ಕದ ಕುರ್ಚಿಯಲ್ಲಿ ಹಿರಿಯರು ಇದ್ದರೆ "ಸಾರ್, ಒಂದು ನಿಮಿಷ" ಅಂದರೆ ಮುಗೀತು. ಅಮೆರಿಕದ ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಮೇಲೆ ನಡೆದ ಅಧ್ಯಯನದಲ್ಲೂ ಇದೇ ಕಂಡಿತು. ತಂಡದವರ ಹತ್ತಿರ ಕೂತ ಕಿರಿಯರಿಗೆ ತಮ್ಮ ಕೋಡ್ ಬಗ್ಗೆ ಹೆಚ್ಚು ಸಲಹೆ ಸಿಕ್ಕಿತು. ಆದರೆ ಹೇಳಿಕೊಡುವ ಹಿರಿಯರ ಸ್ವಂತ ಕೆಲಸ ಕಡಿಮೆಯಾಯ್ತು. ಅಂದರೆ ಹತ್ತಿರ ಇರೋದು ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ತ್ಯಾಗ.

ಹಿರಿಯ ಸಹೋದರರೇ, ನಿಮಗೆ ಮನೆಯಲ್ಲಿ ಕೆಲಸ ಚೆನ್ನಾಗಿ ಆಗುತ್ತೆ ನಿಜ. ನಿಮಗೆ ಕೆಲಸ ಕಲಿಸಿದವರು ಯಾರು? ಅವರೂ ಆ ದಿನ ಮನೆಯಲ್ಲೇ ಇದ್ದಿದ್ದರೆ? ಪೌಲನು ಎಷ್ಟು ಪತ್ರ ಬರೆದ! ಸೆರೆಮನೆಯಿಂದಲೂ ಬರೆದ. ದೂರದಿಂದ ಸೇವೆ ಮಾಡಬಹುದು ಅನ್ನೋದಕ್ಕೆ ಅವನೇ ಸಾಕ್ಷಿ. ಆದರೂ ತಿಮೊಥೆಯನನ್ನು ಜೊತೆಯಲ್ಲೇ ಕರ್ಕೊಂಡು ತಿರುಗಿದ. ಯೋಹಾನನು ತನ್ನ ಎರಡನೇ ಪತ್ರದ ಕೊನೆಯಲ್ಲಿ, ಹೇಳಬೇಕಾದ್ದು ಇನ್ನೂ ಬಹಳ ಇದೆ, ಕಾಗದ ಮಸಿಯಲ್ಲಿ ಬೇಡ, ಬಂದು ಮುಖಾಮುಖಿ ಮಾತಾಡ್ತೀನಿ ಅನ್ನುವ ಅರ್ಥದಲ್ಲಿ ಬರೆದ. ಕೆಲವು ಮಾತು ಪತ್ರಕ್ಕೆ ಸಾಕು, ಕೆಲವು ಮಾತಿಗೆ ಮುಖ ಬೇಕು.

3. ಕಣ್ಣಿಗೆ ಕಾಣುವ ಸೇವೆ

ಕೊಲೊಸ್ಸೆ 3:22-23 ತೆಗೀರಿ. ಯಜಮಾನ ನೋಡುವಾಗ ಮಾತ್ರ ಕೆಲಸ ಮಾಡೋದನ್ನು ಪೌಲನು ಬೇಡ ಅಂತಾನೆ. ಕೆಲಸವನ್ನು ಕರ್ತನಿಗೆ ಮಾಡುವ ಹಾಗೆ ಮನಸ್ಸಿಟ್ಟು ಮಾಡಿ ಅಂತಾನೆ. ಇದು ಎರಡೂ ಕಡೆಗೆ ತಗಲುವ ಬಾಣ.

ಮನೆಯಿಂದ ಕೆಲಸ ಮಾಡುವವರೇ, ಕಂಪ್ಯೂಟರ್ ಎಚ್ಚರ ಇದೆ ಅಂತ ತೋರಿಸೋಕೆ ಮೌಸ್ ಅನ್ನು ತಾನಾಗೇ ಅಲುಗಾಡಿಸುವ ಯಂತ್ರ ಬಂದಿದೆ. ಮೌಸ್ ಓಡಾಡ್ತಾ ಇರುತ್ತೆ, ಅಣ್ಣ ನಿದ್ದೆ ಮಾಡ್ತಾ ಇರ್ತಾನೆ. ಒಂದು ಸಂಬಳ ತಗೊಂಡು ಅದೇ ಹೊತ್ತಿನಲ್ಲಿ ಕದ್ದು ಇನ್ನೊಂದು ಕಂಪನಿಗೆ ದುಡಿಯುವವರೂ ಇದ್ದಾರೆ. ಅದನ್ನು ಬುದ್ಧಿವಂತಿಕೆ ಅನ್ನಬೇಡಿ.

ಆಫೀಸಿಗೆ ಹೋಗುವವರೇ, ನಿಮಗೂ ಇದೆ. ಬೆಳಿಗ್ಗೆ ಹೋಗಿ ಕಾರ್ಡ್ ಸ್ವೈಪ್ ಮಾಡಿ, ಒಂದು ಕಾಫಿ ಕುಡಿದು, ನಾಲ್ಕು ಜನಕ್ಕೆ ಮುಖ ತೋರಿಸಿ ಮನೆಗೆ ಬಂದರೆ ಅದೂ ಕಣ್ಣಿಗೆ ಕಾಣುವ ಸೇವೆಯೇ.

ಮ್ಯಾನೇಜರ್‌ಗಳೇ, ಕೆಲಸ ಏನಾಯ್ತು ಅಂತ ಕೇಳದೆ ಕುರ್ಚಿ ತುಂಬಿದೆಯಾ ಅಂತ ಮಾತ್ರ ಎಣಿಸಿದರೆ, ಕಣ್ಣಿಗೆ ಕಾಣುವ ಸೇವೆಯನ್ನು ನೀವೇ ಬೆಳೆಸ್ತಾ ಇದ್ದೀರಿ. ಫಿಲಿಪ್ಪಿ 2:12ರಲ್ಲಿ ಪೌಲನು ತನ್ನ ಜನರ ಬಗ್ಗೆ ಏನು ನಂಬಿದ? ನಾನು ಇರುವಾಗ ಮಾತ್ರವಲ್ಲ, ಇಲ್ಲದಿರುವಾಗ ಇನ್ನೂ ಹೆಚ್ಚಾಗಿ ವಿಧೇಯರಾಗಿ ಅನ್ನುವಷ್ಟು ನಂಬಿದ. ಹಲ್ಲೆಲೂಯಾ! ಅಂಥ ತಂಡ ಕಟ್ಟೋದು ನಾಯಕನ ಕೆಲಸ.

4. ಕರೆಯುವ ಮೊದಲು ಕಾರಣ ಕೇಳು

13ನೇ ಅಧ್ಯಾಯದಲ್ಲಿ ಒಂದು ಸಂಗತಿ ಇದೆ. ನೆಹೆಮೀಯನು ಅರಸನ ಬಳಿಗೆ ಹೋಗಿದ್ದ. ವಾಪಸ್ ಬಂದು ನೋಡಿದರೆ ಲೇವಿಯರು ಆಲಯದಲ್ಲಿ ಇಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ಹೊಲಕ್ಕೆ ಹೊರಟುಹೋಗಿದ್ದಾರೆ (13:10). ನಮ್ಮ ಭಾಷೆಯಲ್ಲಿ, ಆಫೀಸ್ ಖಾಲಿ! ಅವನು ಲೇವಿಯರನ್ನು ಬೈದನೋ? ಇಲ್ಲ. ಅವರಿಗೆ ಸಲ್ಲಬೇಕಾದ ಪಾಲು ಸಂದಿಲ್ಲ ಅಂತ ತಿಳಿದು ಅಧಿಕಾರಿಗಳನ್ನು ಗದರಿಸಿದ. ಆಮೇಲೆ ಲೇವಿಯರನ್ನು ಕೂಡಿಸಿ ಅವರವರ ಸ್ಥಳದಲ್ಲಿ ನಿಲ್ಲಿಸಿದ.

ಇವತ್ತು ಜನ ಯಾಕೆ ಬರೋಕೆ ಹಿಂದೇಟು ಹಾಕ್ತಾರೆ? ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗೋಕೆ 2024ರಲ್ಲಿ ಸರಾಸರಿ 34 ನಿಮಿಷ ಬೇಕಾಯ್ತು ಅಂತ ಟಾಮ್‌ಟಾಮ್ ಸಂಸ್ಥೆಯ ಲೆಕ್ಕ. ಮನೆ 15 ಕಿಲೋಮೀಟರ್ ದೂರ ಇದ್ದರೆ ಹೋಗಿ ಬರೋಕೆ ದಿನಕ್ಕೆ 102 ನಿಮಿಷ. ಐದು ದಿನಕ್ಕೆ ಎಂಟೂವರೆ ಗಂಟೆ. ವಾರದಲ್ಲಿ ಒಂದು ಪೂರ್ತಿ ಕೆಲಸದ ದಿನ ರಸ್ತೆಗೆ ಹೋಯ್ತು! ಆ ದಿನ ಯಾರದು? ಹೆಚ್ಚಿನ ಮನೆಗಳಲ್ಲಿ ಹೆಂಡತಿಯದು, ತಾಯಿಯದು, ಮಗುವಿನದು.

ತಾಯಂದಿರಿಗೆ ಒಂದು ಮಾತು ತಿಳಿದಿರಲಿ. ನಮ್ಮ ದೇಶದ ಕಾನೂನಿನಲ್ಲಿ, ಕೆಲಸದ ಸ್ವರೂಪ ಒಪ್ಪುವುದಾದರೆ ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಮಾಲೀಕರೂ ನೌಕರಳೂ ಮಾತಾಡಿ ಒಪ್ಪಂದಕ್ಕೆ ಬರಬಹುದು ಅಂತ ಬರೆದಿದೆ. 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಕೇಳೋದರಲ್ಲಿ ತಪ್ಪಿಲ್ಲ ತಂಗಿ, ಧೈರ್ಯವಾಗಿ ಕೇಳು.

ಮಧ್ಯದ ದಾರಿ ಇದೆಯಾ? ಅದೇ ಕಂಪನಿಯ 1,612 ನೌಕರರ ಮೇಲೆ ನಡೆದ ಇನ್ನೊಂದು ಪರೀಕ್ಷೆ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ. ಕೆಲಸ ಕಡಿಮೆಯಾಗಲಿಲ್ಲ, ಬಡ್ತಿ ತಪ್ಪಲಿಲ್ಲ, ಕೆಲಸ ಬಿಡುವವರ ಸಂಖ್ಯೆ ಮೂರರಲ್ಲಿ ಒಂದು ಪಾಲು ಇಳಿಯಿತು. ಕೆಲಸ ಕೆಡುತ್ತೆ ಅಂದುಕೊಂಡಿದ್ದ ಮ್ಯಾನೇಜರ್‌ಗಳೇ ಕಣ್ಣಾರೆ ನೋಡಿ ಅಭಿಪ್ರಾಯ ಬದಲಿಸಿದರು. ಇದು ಎಲ್ಲ ಕೆಲಸಕ್ಕೂ ಹೊಂದುತ್ತೆ ಅಂತಲ್ಲ. ಆದರೆ ಗೋಡೆಯೂ ಬೇಕು, ತುತೂರಿಯೂ ಬೇಕು ಅನ್ನೋದಕ್ಕೆ ಇದು ಹತ್ತಿರ ಇದೆ.

5. ಮನೆಯಿಂದ ಮಾಡಲಾಗದವರು

ಇನ್ನೊಂದು ಗುಂಪು ಇದೆ. ನರ್ಸ್ ಮನೆಯಿಂದ ಇಂಜೆಕ್ಷನ್ ಕೊಡಲಾರಳು. ಪೀಣ್ಯದ ಗಾರ್ಮೆಂಟ್ಸ್‌ನ ಅಕ್ಕ, ಬಿಎಂಟಿಸಿ ಡ್ರೈವರ್, ಪೌರಕಾರ್ಮಿಕರು, ಇವರಿಗೆ ಈ ಚರ್ಚೆಯಲ್ಲಿ ಕುರ್ಚಿಯೇ ಇಲ್ಲ. ಆಫೀಸು ಮುಚ್ಚಿದಾಗ ಹೌಸ್‌ಕೀಪಿಂಗ್ ಅಮ್ಮ, ಕ್ಯಾಂಟೀನ್ ಹುಡುಗ, ಕ್ಯಾಬ್ ಅಣ್ಣ ಕೆಲಸ ಕಳ್ಕೊಂಡರು.

5ನೇ ಅಧ್ಯಾಯದಲ್ಲಿ ಗೋಡೆಯ ಕೆಲಸದ ಮಧ್ಯೆ ಬಡವರ ಕೂಗು ಎದ್ದಿತು, ನೆಹೆಮೀಯನು ಅದಕ್ಕೆ ಕಿವಿಗೊಟ್ಟ. ತಾನು ಅಧಿಪತಿಯಾಗಿದ್ದರೂ 12 ವರ್ಷ ಅಧಿಪತಿಯ ಆಹಾರದ ಪಾಲು ಮುಟ್ಟಲಿಲ್ಲ (5:14). ತಾನು ಮನೆಯಲ್ಲಿದ್ದು ಕೆಳಗಿನವರಿಗೆ ಮಾತ್ರ "ಬನ್ನಿ" ಅನ್ನುವ ಸಾಹೇಬನಿಗೆ ಆ ವಚನ ಕೊಡಿ.

ಗೋಡೆ ಮುಗಿದ ಮೇಲೂ ಪಟ್ಟಣದಲ್ಲಿ ಜನ ಕಡಿಮೆ ಇದ್ದರು (7:4). ಆಗ ಚೀಟು ಹಾಕಿ ಹತ್ತರಲ್ಲಿ ಒಬ್ಬರನ್ನು ಯೆರೂಸಲೇಮಿಗೆ ಕರೆತಂದರು, ಉಳಿದ ಒಂಬತ್ತು ಮಂದಿ ತಮ್ಮ ಊರುಗಳಲ್ಲೇ ಇದ್ದರು. ತಾವಾಗಿ ಬರೋಕೆ ಒಪ್ಪಿದವರನ್ನು ಜನರು ಆಶೀರ್ವದಿಸಿದರು (11:1-2). ಬಂದವರು ಉಳಿದವರನ್ನು ಸೋಮಾರಿಗಳು ಅಂದ ಮಾತು ಅಲ್ಲಿಲ್ಲ. ಉಳಿದವರು ಬಂದವರನ್ನು ದಡ್ಡರು ಅಂದದ್ದೂ ಇಲ್ಲ.

ಹಾಗಾದರೆ ಈ ವಾರ ಏನು ಮಾಡಬೇಕು?

ಕರೆ ಬಂದಿರುವವರೇ, ಸಿಟ್ಟಿನಲ್ಲಿ ರಾಜೀನಾಮೆ ಬರೀಬೇಡಿ. ಒಂದು ಹಾಳೆ ತಗೊಳ್ಳಿ. ನಿಮ್ಮ ಕೆಲಸದಲ್ಲಿ ಯಾವುದಕ್ಕೆ ಎದುರೆದುರು ಕೂರಬೇಕು, ಯಾವುದಕ್ಕೆ ಬೇಡ, ಬರೆಯಿರಿ. ಅದನ್ನು ಹಿಡಿದು ಗೌರವದಿಂದ ಮಾತಾಡಿ. "ಊರಲ್ಲೇ ಇರು ಪರವಾಗಿಲ್ಲ" ಅನ್ನುವ ಬಾಯಿಮಾತು ನಂಬಿ ಊರಲ್ಲಿ ಮನೆಗೆ ಸಾಲ ಮಾಡಬೇಡಿ, ಲಿಖಿತವಾಗಿ ತಗೊಳ್ಳಿ.

ಮನೆಯವರೇ, ಸೊಸೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದರೆ ಅವಳು ಕೆಲಸದಲ್ಲಿದ್ದಾಳೆ. ಆಗ "ಒಂದು ಲೋಟ ಟೀ ಮಾಡಮ್ಮ" ಅನ್ನಬೇಡಿ. ಗಂಡಂದಿರೇ, ಆ ಟೀ ನೀವೇ ಮಾಡಿ. ಇದಕ್ಕೆ ಆಮೆನ್ ಸ್ವಲ್ಪ ಜೋರಾಗಿ ಬರಲಿ!

ತಂಡ ನಡೆಸುವವರೇ, ಜನರನ್ನು ಕರೆಯುವ ದಿನ ಕರೆದದ್ದಕ್ಕೆ ಕಾರಣ ಇರಲಿ. ಎರಡು ಗಂಟೆ ಟ್ರಾಫಿಕ್‌ನಲ್ಲಿ ಬಂದವರು ಹೆಡ್‌ಫೋನ್ ಹಾಕ್ಕೊಂಡು ಅದೇ ವಿಡಿಯೋ ಮೀಟಿಂಗ್‌ನಲ್ಲಿ ಕೂರುವ ಹಾಗಾದರೆ ತುತೂರಿ ಸುಮ್ಮನೆ ಊದಿದ ಹಾಗೆ.

ಪ್ರಾರ್ಥಿಸೋಣ. ಕರ್ತನೇ, ಮನೆಯಲ್ಲಿ ಕೂತು ದುಡಿಯುವ ಕೈಗಳನ್ನೂ, ಬೆಳಿಗ್ಗೆ ಬಸ್ಸು ಹತ್ತುವ ಕಾಲುಗಳನ್ನೂ ನೀನು ನೋಡ್ತೀ. ತೀರ್ಮಾನ ಮಾಡುವ ಕುರ್ಚಿಯಲ್ಲಿರುವವರಿಗೆ ಕೇಳುವ ಕಿವಿ ಕೊಡು. ಯಾರೂ ನೋಡದಿರುವಾಗಲೂ ನಂಬಿಗಸ್ತರಾಗಿ ಕೆಲಸ ಮಾಡುವ ಮನಸ್ಸು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.