ಪಾಮೇರಿಯನ್ ನಾಯಿ: ಅದರ ಗುಣ ಮತ್ತು ಆರೈಕೆ



ನಾಯಿಯು ನಿಯತ್ತಿನ ಪ್ರಾಣಿ ಎಂದು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ನಾಯಿಗಳಲ್ಲಿ ಅನೇಕ ಜಾತಿಗಳಿವೆ. ನಮ್ಮ ರಾಜ್ಯದ ಮುಧೋಳ ನಾಯಿ ಬೇಟೆಗೆ ಹೆಸರುವಾಸಿ. ಪಾಮೇರಿಯನ್ ಮನೆಯವರ ಜೊತೆಗಿರಲೆಂದು ಸಾಕುವ ಪುಟ್ಟ ನಾಯಿ. ನಮ್ಮ ಮನೆಯಲ್ಲೂ ಒಂದಿದೆ, ಹೆಸರು ಸೋನಿ. ಎರಡು ವರ್ಷದ ಹಿಂದೆ ನಮ್ಮ ಸೋದರಮಾವ ಹಾಸನದಿಂದ ತಂದುಕೊಟ್ಟರು. ಅದನ್ನು ನೋಡಿಕೊಳ್ಳೋದು ನನ್ನ ಕೆಲಸ. ನಾನು ಕಂಡದ್ದನ್ನೂ, ಓದಿದ್ದನ್ನೂ, ಪಶು ಆಸ್ಪತ್ರೆ ಡಾಕ್ಟ್ರು ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೂಲ

ಯುರೋಪಿನಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಪೊಮೆರೇನಿಯಾ ಎಂಬ ಪ್ರದೇಶವಿದೆ. ಈಗ ಅದರ ಹೆಚ್ಚಿನ ಭಾಗ ಪೋಲೆಂಡಿಗೂ ಉಳಿದದ್ದು ಜರ್ಮನಿಗೂ ಸೇರಿದೆ. ನಾಯಿಗೆ ಹೆಸರು ಬಂದದ್ದು ಅದರಿಂದಲೇ. ಮೊದಲು ಈ ನಾಯಿಗಳು ದೊಡ್ಡದಾಗಿದ್ದವು. 1888ರಲ್ಲಿ ವಿಕ್ಟೋರಿಯಾ ರಾಣಿಯು ಇಟಲಿಯ ಫ್ಲಾರೆನ್ಸ್ ನಗರದಿಂದ ಮಾರ್ಕೊ ಎಂಬ ಸಣ್ಣ ಪಾಮೇರಿಯನ್ ತಂದಳು. ಆಮೇಲೆ ಇಂಗ್ಲೆಂಡಿನಲ್ಲಿ ಸಣ್ಣ ನಾಯಿಗಳಿಗೆ ಬೇಡಿಕೆ ಹೆಚ್ಚಿತು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಬದುಕಿ ಉಳಿದ ಮೂರು ನಾಯಿಗಳಲ್ಲಿ ಎರಡು ಪಾಮೇರಿಯನ್! ಸಣ್ಣದಾಗಿದ್ದರಿಂದ ದೋಣಿಯಲ್ಲಿ ಎತ್ತಿಕೊಂಡು ಕೂರಲು ಆಯಿತು.

ಇನ್ನೊಂದು ವಿಷಯ. ನಮ್ಮ ಕಡೆ ಪಾಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಬಹಳಷ್ಟು ಅದರ ಸಂಬಂಧಿಕರಾದ ಇಂಡಿಯನ್ ಸ್ಪಿಟ್ಜ್ ನಾಯಿಗಳು. ನಿಜವಾದ ಪಾಮೇರಿಯನ್ ಸುಮಾರು 3 ಕೆ.ಜಿ. ಮಾತ್ರ ತೂಗುತ್ತದೆ. ನಮ್ಮ ಸೋನಿಯನ್ನು ಅಂಗಡಿ ತಕ್ಕಡಿಯಲ್ಲಿ ಕೂರಿಸಿದರೆ 6 ಕೆ.ಜಿ. ಬಂತು. ಆದ್ದರಿಂದ ಸೋನಿಯೂ ಸ್ಪಿಟ್ಜ್ ಅಂತ ಡಾಕ್ಟ್ರು ಹೇಳಿದರು. ಎರಡಕ್ಕೂ ಆರೈಕೆ ಒಂದೇ ಥರ.

ಲಕ್ಷಣಗಳು

ನರಿಯಂಥ ಮೂತಿ, ನೆಟ್ಟಗಿನ ಚೂಪು ಕಿವಿ, ಬೆನ್ನ ಮೇಲೆ ಮಡಚಿದ ಬಾಲ. ಕೂದಲು ಎರಡು ಪದರ. ಒಳಗಿನದು ಹತ್ತಿಯಂತೆ ಮೆತ್ತಗೆ, ಹೊರಗಿನದು ಉದ್ದ. ಇದು ಬಹಳ ಚುರುಕು, ಸ್ವಲ್ಪ ಸದ್ದಾದರೂ ಬೊಗಳುತ್ತದೆ. ಹಾಲಿನವರು ಬೀದಿ ತುದಿಯಲ್ಲಿದ್ದಾಗಲೇ ಸೋನಿಗೆ ಗೊತ್ತಾಗುತ್ತೆ. ಚೆನ್ನಾಗಿ ನೋಡಿಕೊಂಡರೆ 12 ವರ್ಷಕ್ಕೂ ಹೆಚ್ಚು ಬದುಕುತ್ತದೆ.

ಬೇಸಿಗೆಯ ಆರೈಕೆ

ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ ತೇಕಿ ಮೈ ತಂಪು ಮಾಡಿಕೊಳ್ಳುತ್ತದೆ. ಆದ್ದರಿಂದ ತಗಡಿನ ಶೀಟಿನ ಕೆಳಗೆ, ತಾರಸಿಯ ಮೇಲೆ ಕಟ್ಟಬಾರದು. ನೆರಳು ಮತ್ತು ನೀರು ಯಾವಾಗಲೂ ಇರಬೇಕು. ಸೆಕೆ ಅಂತ ಕೂದಲು ಬೋಳಿಸಲೂ ಬಾರದು. ಆ ಕೂದಲೇ ಬಿಸಿಲಿನಿಂದ ಚರ್ಮ ಕಾಯುತ್ತದೆ, ಬೋಳಿಸಿದರೆ ಕೆಲವಕ್ಕೆ ಮೊದಲಿನ ಹಾಗೆ ಬೆಳೆಯುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಬಾಚಿದರೆ ಸಾಕು. ಬಾಚುವಾಗ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಅಂತ ನೋಡಬೇಕು.

ಆಹಾರ

ಸೋನಿಗೆ ಅನ್ನ, ರಾಗಿ ಮುದ್ದೆ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಕೊಡುತ್ತೇವೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮಿಕ್ಕ ಸಾರಿನಲ್ಲಿ ಈರುಳ್ಳಿ ಇರುತ್ತೆ, ಅದಕ್ಕೆ ಅಮ್ಮ ಬೇಯಿಸಿದ ಬೇಳೆಯನ್ನು ಸಾರು ಮಾಡುವ ಮುಂಚೆಯೇ ಸ್ವಲ್ಪ ಬೇರೆ ತೆಗೆದಿಡುತ್ತಾರೆ. ಬೇಯಿಸಿದ ಕೋಳಿ ಮೂಳೆ ಚೂರಾಗಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಇಂಜೆಕ್ಷನ್

ಇದು ಎಲ್ಲಕ್ಕಿಂತ ಮುಖ್ಯ. ಸೋನಿಯ ಜೊತೆ ಹುಟ್ಟಿದ ಒಂದು ಮರಿಯನ್ನು ನಮ್ಮ ಊರಿನ ಇನ್ನೊಂದು ಮನೆಯವರು ತಂದಿದ್ದರು. "ಮನೆ ಒಳಗೇ ಇರೋ ನಾಯಿಗೆ ಇಂಜೆಕ್ಷನ್ ಯಾಕೆ?" ಅಂತ ಹಾಕಿಸಲಿಲ್ಲ. ಮೂರು ತಿಂಗಳಾದಾಗ ವಾಂತಿ, ರಕ್ತಭೇದಿ ಶುರುವಾಯ್ತು. ನಾಲ್ಕನೇ ದಿನ ಸತ್ತುಹೋಯ್ತು. ಆ ಮನೆಯ ಹುಡುಗಿ ಎರಡು ದಿನ ಊಟ ಮಾಡಲಿಲ್ಲ. ಅದು ಪಾರ್ವೊ ಎಂಬ ರೋಗ. ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ನಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೆ ಬರುತ್ತದೆ. ನಾಯಿ ಹೊರಗೆ ಹೋಗಲೇಬೇಕೆಂದಿಲ್ಲ. ಮರಿಗೆ 6ರಿಂದ 8 ವಾರ ಆದಾಗಲೇ ಮೊದಲ ಇಂಜೆಕ್ಷನ್ ಹಾಕಿಸಿ, ಮುಂದಿನವನ್ನು ಡಾಕ್ಟ್ರು ಬರೆದ ತಾರೀಖಿಗೆ ಹಾಕಿಸಬೇಕು.

ಮೂರು ತಿಂಗಳಿಗೆ ರೇಬಿಸ್ ಅಂದರೆ ಹುಚ್ಚುನಾಯಿ ರೋಗದ ಇಂಜೆಕ್ಷನ್. ಈ ರೋಗದ ಲಕ್ಷಣ ಶುರುವಾದ ಮೇಲೆ ಮನುಷ್ಯರು ಬದುಕುವುದು ಬಹಳ ಅಪರೂಪ. ಆದರೆ ಕಚ್ಚಿದ ಕೂಡಲೇ ಚಿಕಿತ್ಸೆ ಪಡೆದರೆ ತಡೆಯಬಹುದು. ಅದಕ್ಕೆ ಲಸಿಕೆಯನ್ನು 1885ರಲ್ಲಿ ಲೂಯಿ ಪಾಶ್ಚರ್ ಮೊದಲು ಒಬ್ಬ ಹುಡುಗನಿಗೆ ಕೊಟ್ಟು ಉಳಿಸಿದರು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬಾರದು. ಬೈತಾರೆ ಅಂತ ಮನೆಯಲ್ಲಿ ಹೇಳದೆ ಇರಬಾರದು.

ಉಪಸಂಹಾರ

ಪಾಮೇರಿಯನ್ ನೋಡೋಕೆ ಗೊಂಬೆ ಥರ ಇದ್ದರೂ ಅದಕ್ಕೂ ಹಸಿವು, ಸೆಕೆ, ರೋಗ ಎಲ್ಲಾ ಇದೆ. ಮುದ್ದಾಗಿದೆ ಅಂತ ಮರಿ ತರುವ ಮುಂಚೆ, 12 ವರ್ಷ ನೋಡಿಕೊಳ್ಳುವವರು ಯಾರು ಅಂತ ಮನೆಯಲ್ಲಿ ಮಾತಾಡಿರಿ. ಈಗಾಗಲೇ ಸಾಕಿರುವವರು ಇಂಜೆಕ್ಷನ್ ಚೀಟಿಯ ತಾರೀಖು ಇವತ್ತೇ ನೋಡಿರಿ.

ಹೇಳಿ ನೋಡೋಣ:
1. ನಾಯಿ ತೇಕುವುದು ಏಕೆ?
2. ಪಾರ್ವೊ ರೋಗ ಮನೆಯೊಳಗಿನ ನಾಯಿಗೆ ಹೇಗೆ ಬರುತ್ತದೆ?
3. ನಾಯಿ ಕಚ್ಚಿದರೆ ಮೊದಲು ಏನು ಮಾಡಬೇಕು?

ಉತ್ತರ ಮೇಲೆಯೇ ಇದೆ, ಹುಡುಕಿರಿ.

— 7ನೇ ತರಗತಿ ವಿದ್ಯಾರ್ಥಿ