ಹಸಿವೆಂಬ ಮೂಲಧನ

ಸಣ್ಣದೊಂದು ರಜೆಯಲ್ಲಿ ಊರಿಂದೂರಿಗೆ ಉಣ್ಣುತ್ತ ಸಾಗಬೇಕೆಂಬ ಸಂಕಲ್ಪವನ್ನು ಮಾಡಿದ ಗೃಹಸ್ಥನು ರೈಲಿನ ದರವನ್ನೂ ಕೊಠಡಿಯ ಬಾಡಿಗೆಯನ್ನೂ ತಿಂಡಿತೀರ್ಥಗಳ ವೆಚ್ಚವನ್ನೂ ಕಾಗದದ ಮೇಲೆ ಅಂದಾಜು ಮಾಡಿಕೊಳ್ಳುತ್ತಾನೆ. ಆದರೆ ಆ ಪ್ರವಾಸಕ್ಕೆಲ್ಲ ಆಧಾರಭೂತವಾದ, ಯಾವ ಬ್ಯಾಂಕಿನಿಂದಲೂ ಸಾಲವಾಗಿ ದೊರೆಯದ ತನ್ನ ಹಸಿವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಯಲ್ಲಿನ ಹಣ ತೀರಿದರೆ ಎಟಿಎಮ್ಮಿನ ಮುಂದೆ ನಿಂತು ಇನ್ನಷ್ಟು ತೆಗೆದುಕೊಳ್ಳಬಹುದು. ಹೊಟ್ಟೆ ತುಂಬಿದ ಮೇಲೆ ಇನ್ನೊಂದು ಹಸಿವನ್ನು ತರಿಸಿಕೊಳ್ಳುವುದು ಎಂಥ ಧನಿಕನಿಗೂ ಅಸಾಧ್ಯ. ಆದಕಾರಣ ಇಂಥ ಪ್ರವಾಸದ ಆಯವ್ಯಯದಲ್ಲಿ ಹಸಿವನ್ನೇ ಮೂಲಧನವೆಂದು ಬಗೆದು, ಹಣವನ್ನು ಅದರ ರಕ್ಷಣೆಗೆ ವಿನಿಯೋಗಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಕಳೆದ ಚಳಿಗಾಲದಲ್ಲಿ ನಾನೂ ನನ್ನ ಮಡದಿಯೂ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ, ಧಾರವಾಡಗಳನ್ನು ಕೂಡಿಸುವ ರೈಲುಮಾರ್ಗವನ್ನು ಆರಿಸಿಕೊಂಡೆವು. ಅಕ್ಕಿಯ ಸೀಮೆಯು ಕ್ರಮಕ್ರಮವಾಗಿ ಜೋಳದ ಸೀಮೆಯಾಗಿ ಪರಿಣಮಿಸುವುದನ್ನು ಊಟದ ತಟ್ಟೆಯಲ್ಲಿಯೇ ಕಾಣಬಹುದೆಂಬುದು ಒಂದು ಕಾರಣ. ಒಂದೇ ಮಾರ್ಗವಾದುದರಿಂದ ಪ್ರಯಾಣದ ವೆಚ್ಚವು ಹಿಡಿತದಲ್ಲಿರುವುದೆಂಬುದು ಇನ್ನೊಂದು. ಬೆಂಗಳೂರಿನಲ್ಲಿ ಕೊಠಡಿಯನ್ನು ಗೊತ್ತುಮಾಡುವಾಗ, ಬೆಳಗಿನ ಉಪಾಹಾರವೂ ಬಾಡಿಗೆಯಲ್ಲಿಯೇ ಸೇರಿದೆಯೆಂಬ ಪ್ರಲೋಭನೆಯನ್ನು ಬದಿಗೊತ್ತಿ, ಉಪಾಹಾರವಿಲ್ಲದ, ಅದರಿಂದಾಗಿ ಬಾಡಿಗೆಯೂ ಕಡಮೆಯಾದ ಕೊಠಡಿಯನ್ನು ಬಸವನಗುಡಿಯ ಆಸುಪಾಸಿನಲ್ಲಿ ಹಿಡಿದೆವು. ಪುಕ್ಕಟೆಯೆಂದು ತೋರುವ ಉಪಾಹಾರಕ್ಕೆ ಅತಿಥಿಯು ತೆರುವ ಬೆಲೆಯೆಂದರೆ ದಿನದ ಅತ್ಯಂತ ತೀಕ್ಷ್ಣವಾದ ಹಸಿವು. ಅದನ್ನು ಆರಿದ ಉಪ್ಪಿಟ್ಟಿಗೂ ಡಬ್ಬಿಯ ಹಣ್ಣಿನ ರಸಕ್ಕೂ ಒಪ್ಪಿಸಿಬಿಟ್ಟವನಿಗೆ, ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ದೋಸೆಯಾಗಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಸಾಂಬಾರಿನ ಗೊಡವೆಯಿಲ್ಲದೆ ಕೇವಲ ಚಟ್ನಿಯೊಡನೆ ಬರುವ ಇಡ್ಲಿಯಾಗಲಿ ಯಾವ ಸುಖವನ್ನೂ ಕೊಡಲಾರದು. ಇವೆರಡೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆಯ ಇಡ್ಲಿಯನ್ನು ಕಂಡುಹಿಡಿದೆವೆಂದು ಹೇಳಿಕೊಳ್ಳುವ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಕೂಡ, ಕಾಲ್ನಡಿಗೆಗೆ ದಕ್ಕುವ ಅಂತರದಲ್ಲಿವೆ. ನಡೆದು ಹೋದವನಿಗೆ ಆಟೋದ ಬಾಡಿಗೆ ಉಳಿಯುವುದಲ್ಲದೆ, ಮುಂದಿನ ಹೋಟೆಲನ್ನು ತಲಪುವಷ್ಟರಲ್ಲಿ ಹಸಿವೂ ಕಿಂಚಿತ್ ಮರಳಿರುತ್ತದೆ.

ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣವೆಂದು ವರ್ಣಿತವಾದ ನಿಯಮವನ್ನು ತಿಳಿಯಲು ಉಪಾಹಾರಮಂದಿರಕ್ಕಿಂತ ಉತ್ತಮವಾದ ಪಾಠಶಾಲೆಯಿಲ್ಲ. ಬೆಲೆಯ ಪಟ್ಟಿಯಲ್ಲಿ ಮೊದಲನೆಯ ದೋಸೆಗೂ ಮೂರನೆಯ ದೋಸೆಗೂ ಒಂದೇ ದರ. ನಾಲಗೆಯ ಪಟ್ಟಿಯಲ್ಲಿ ಹಾಗಿಲ್ಲ. ಈ ಸತ್ಯವನ್ನು ಬೆಂಗಳೂರಿನವರು ಬಹುಕಾಲದಿಂದ ಬಲ್ಲವರಾದ್ದರಿಂದಲೇ ಅಲ್ಲಿ ‘ಬೈ ಟು ಕಾಫಿ’ ಎಂಬ ಪದ್ಧತಿಯು ಮಾನಾಪಮಾನಗಳ ಶಂಕೆಯಿಲ್ಲದೆ ಬೇರೂರಿದೆ. ಒಂದು ತಟ್ಟೆಯನ್ನು ಇಬ್ಬರು ಹಂಚಿಕೊಳ್ಳುವುದನ್ನು ಜಿಪುಣತನವೆಂದು ಯಾರಾದರೂ ಭಾವಿಸುವುದಾದರೆ ಭಾವಿಸಲಿ. ನಾವು ಹಾಗೆ ಹಂಚಿಕೊಂಡುದರ ಫಲವಾಗಿ, ಒಂದು ಹಸಿವಿಗೆ ಎರಡು ಅಡುಗೆಮನೆಗಳ ಕೈರುಚಿಯನ್ನು ನೋಡಿದೆವು.

2023ರ ಜೂನ್ ತಿಂಗಳಲ್ಲಿ ಆರಂಭವಾದ ಧಾರವಾಡದ ವಂದೇ ಭಾರತ್ ರೈಲು ನಸುಕಿನಲ್ಲಿ ಬೆಂಗಳೂರನ್ನು ಬಿಟ್ಟು, ತಿಂಡಿಯ ವೇಳೆಗೆ ಸರಿಯಾಗಿ ದಾವಣಗೆರೆಯಲ್ಲಿ ಇಳಿಸುತ್ತದೆ. ಟಿಕೆಟನ್ನು ಕಾದಿರಿಸುವಾಗಲೇ ರೈಲಿನ ಆಹಾರ ಬೇಡವೆಂದು ಸೂಚಿಸಿದರೆ ಆ ಬಾಬತ್ತಿನ ಹಣವೂ ಉಳಿಯುತ್ತದೆ, ಹಸಿವೂ ಉಳಿಯುತ್ತದೆ. ಬೆಳಗಾವಿಯ ಕಡೆಯಿಂದ 1928ರಲ್ಲಿ ಬಂದು ನೆಲಸಿದ ಚೆನ್ನಮ್ಮನೆಂಬ ತಾಯಿಯಿಂದ ಮೊದಲಾಯಿತೆಂದು ಊರವರು ಹೇಳುವ ಅಲ್ಲಿನ ಬೆಣ್ಣೆದೋಸೆಯು, ಹಿಟ್ಟಿನಲ್ಲಿ ಮಂಡಕ್ಕಿಯನ್ನು ಸೇರಿಸಿಕೊಂಡು, ಕಾವಲಿಯ ಮೇಲೆ ಬೆಣ್ಣೆಯಲ್ಲಿ ಬೆಂದು, ಖಾರವಿಲ್ಲದ ಆಲೂಗಡ್ಡೆಯ ಪಲ್ಯದೊಡನೆಯೂ ತೆಂಗಿನ ಚಟ್ನಿಯೊಡನೆಯೂ ಬರುತ್ತದೆ. ಬೆಣ್ಣೆಯ ತಿಂಡಿಯು ಬಹುಹೊತ್ತು ಹೊಟ್ಟೆಯಲ್ಲಿ ನಿಲ್ಲತಕ್ಕದ್ದಾದ್ದರಿಂದ ಮಧ್ಯಾಹ್ನದ ಭೋಜನವೆಂಬ ಬಾಬತ್ತನ್ನೇ ಆ ದಿನ ತೊಡೆದುಹಾಕಿ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿಯನ್ನು ತಿಂದು ತೃಪ್ತರಾದೆವು.

ಹುಬ್ಬಳ್ಳಿಯಲ್ಲಿ ಈ ಲೆಕ್ಕವೇ ತಿರುಗುಮುರುಗಾಗುತ್ತದೆ. ಖಾನಾವಳಿಯಲ್ಲಿ ಊಟಕ್ಕೆ ಒಂದೇ ದರ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು ಇವೆಲ್ಲ ಅದರೊಳಗೇ ಬರುತ್ತವೆ. ಅರ್ಧ ಹಸಿವಿನಿಂದ ಹೋದವನಿಗೆ ಇದು ನಷ್ಟದ ವ್ಯಾಪಾರ, ಪೂರ್ಣ ಹಸಿವಿನಿಂದ ಹೋದವನಿಗೆ ಇದಕ್ಕಿಂತ ಲಾಭದ ವ್ಯಾಪಾರವಿಲ್ಲ. “ಅಕ್ಕಾರ, ಇನ್ನೊಂದು ಬಿಸಿ ರೊಟ್ಟಿ ತಗೋರಿ” ಎಂದು ಬಡಿಸುವಾತನು ಒತ್ತಾಯ ಮಾಡಿದಾಗ ನನ್ನ ಮಡದಿಯು ಬೇಡವೆನ್ನದೆ ಹಾಕಿಸಿಕೊಂಡುದು, ಅಂದು ಸಂಜೆಯ ಗಿರ್ಮಿಟ್ಟನ್ನು ಮರುದಿನಕ್ಕೆ ಮುಂದೂಡಲು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದೆವಾದ್ದರಿಂದ.

ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಧಾರವಾಡದಲ್ಲಿ ಅಪಾಯವು ಬೇರೊಂದು ರೂಪದಿಂದ ಎದುರಾಗುತ್ತದೆ. ಉತ್ತರಪ್ರದೇಶದ ಉನ್ನಾವದಿಂದ ವಲಸೆ ಬಂದ ಠಾಕೂರ್ ಮನೆತನದವರ ಕೈಯಿಂದ ಪ್ರಸಿದ್ಧವಾದ, ಕೆಂಪಗೆ ಹುರಿದ ಖೋವಾದ ಆ ಪೇಡೆಯನ್ನು ಲೈನ್ ಬಜಾರಿನಲ್ಲಿ ನಿಂತು ಒಂದೆರಡು ತಿನ್ನುವ ಖರ್ಚು ಗಣನೆಗೇ ಬಾರದು. ಆದರೆ ಅತ್ತಿಗೆಗೆ ಅರ್ಧ ಕಿಲೋ, ಕಚೇರಿಯವರಿಗೆ ಒಂದು ಕಿಲೋ, ನೆರೆಮನೆಯವರಿಗೆ ಇನ್ನರ್ಧ ಎಂದು ಕಟ್ಟಿಸತೊಡಗಿದೊಡನೆ ಚೀಲದೊಡನೆ ಬಿಲ್ಲೂ ಭಾರವಾಗುತ್ತದೆ. ಇದು ಪ್ರವಾಸದ ಊಟದ ಲೆಕ್ಕಕ್ಕೆ ಸೇರದ, ಬಂಧುಬಳಗದ ಲೆಕ್ಕಕ್ಕೆ ಸೇರತಕ್ಕ ವ್ಯಯ. ಮನೆಯಲ್ಲಿಯೇ ಅದಕ್ಕೆಂದು ಪ್ರತ್ಯೇಕವಾಗಿ ಹಣವನ್ನು ತೆಗೆದಿರಿಸಿಕೊಂಡು ಹೊರಡುವುದು ಕ್ಷೇಮ.

ಬಿಲ್ಲಿನ ವಿಷಯವಾಗಿಯೂ ಎರಡು ಮಾತು ಅವಶ್ಯ. ಸಾಧಾರಣ ಹೋಟೆಲಿನಲ್ಲಿ ಆಹಾರದ ಮೇಲಿನ ಜಿ.ಎಸ್.ಟಿ. ನೂರಕ್ಕೆ 5 ರೂಪಾಯಿ. ಕಾಂಪೊಸಿಷನ್ ಪದ್ಧತಿಗೆ ಒಳಪಟ್ಟ ಸಣ್ಣ ಹೋಟೆಲಿನವರು ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ದಾರಿಯ ಹವಾನಿಯಂತ್ರಿತ ಹೋಟೆಲೊಂದರಲ್ಲಿ ನಮ್ಮ ಬಿಲ್ಲಿಗೆ ಸೇವಾಶುಲ್ಕವು ತಾನಾಗಿಯೇ ಸೇರಿಕೊಂಡಿತ್ತು. ಸಾವಿರ ರೂಪಾಯಿಯ ಊಟಕ್ಕೆ ನೂರಕ್ಕೆ 10ರಂತೆ ಈ ಶುಲ್ಕವು ಬಿದ್ದರೆ, ತೆರಿಗೆಯು 1,100 ರೂಪಾಯಿಯ ಮೇಲೆ ಬಿದ್ದು ಒಟ್ಟು 1,155 ಆಗುತ್ತದೆ. ಶುಲ್ಕವಿಲ್ಲದಿದ್ದರೆ 1,050 ಮಾತ್ರ. ಇದನ್ನು ಕಡ್ಡಾಯವಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ವಿನಯದಿಂದ ಕೇಳಿದೆವು, ತೆಗೆದರು. ಬಡಿಸಿದಾತನಿಗೆ ನಮ್ಮಿಷ್ಟದಂತೆ ಕೈಯಲ್ಲಿಯೇ ಕೊಟ್ಟೆವು.

ಮನೆಗೆ ಮರಳಿ ಲೆಕ್ಕವನ್ನು ಕೂಡಿಸಿದಾಗ ಕೊಠಡಿಯ ಬಾಡಿಗೆ ಮೊದಲನೆಯದೂ ಪ್ರಯಾಣ ಎರಡನೆಯದೂ ನಂಟರಿಷ್ಟರಿಗಾಗಿ ಕೊಂಡ ಪೇಡೆ ಮೂರನೆಯದೂ ಆಗಿ, ಉಣ್ಣುವುದಕ್ಕೆಂದೇ ಹೊರಟ ನಾವು ಉಂಡುದರ ವೆಚ್ಚವು ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ಆದ್ದರಿಂದ ದೋಸೆಯ ಬೆಲೆಯಲ್ಲಿ ಹತ್ತು ರೂಪಾಯಿಯ ವ್ಯತ್ಯಾಸಕ್ಕಾಗಿ ಬೀದಿಬೀದಿ ಅಲೆಯುವುದು ವ್ಯರ್ಥಶ್ರಮ. ದಿನಕ್ಕೆ ಎರಡು ನಿಜವಾದ ಹಸಿವು, ಹೆಚ್ಚೆಂದರೆ ಮೂರು; ರಜೆಯ ದಿನಗಳಿಂದ ಅದನ್ನು ಗುಣಿಸಿ, ಬಂದ ಒಂದೊಂದು ಹಸಿವಿನ ಎದುರಿಗೂ ಒಂದೊಂದು ಊರಿನ ತಿನಿಸನ್ನು ಬರೆದು, ಆ ತಿನಿಸಿಗೆ ನಡೆದು ಹೋಗುವಷ್ಟು ಸಮೀಪದಲ್ಲಿ ಕೊಠಡಿಯನ್ನು ಹುಡುಕಬೇಕು. ರೂಪಾಯಿಯ ಅಂಕಣವನ್ನು ಎಲ್ಲಕ್ಕಿಂತ ಕೊನೆಯಲ್ಲಿ ತುಂಬಿದರೆ ಸಾಕು.